ಕೂಡಿಗೆಯ ಸೈನಿಕ ಶಾಲೆಗೆ ನಮ್ಮ ಸರ್ಕಾರಿ ಶಾಲೆ ಮಕ್ಕಳನ್ನೂ ಕಳಿಸಿ: ಮಂಡ್ಯ, ಮೈಸೂರು ಜಿಲ್ಲಾ ಪಂಚಾಯಿತಿಗಳಿಗೆ ಬಹಿರಂಗ ಪತ್ರ

ಮಂಡ್ಯ ಮತ್ತು ಮೈಸೂರು ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಾಗೂ ಎರಡೂ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಓದಿಸಿ ಸೇನೆಯ ಅಧಿಕಾರಿಗಳಾಗಲು ತಯಾರು ಮಾಡುವ ಶಾಲೆಗಳು ಸೈನಿಕ ಶಾಲೆಗಳು. ರಕ್ಷಣಾ ಸಚಿವಾಲಯದ ಕೆಳಗಿನ ಸೈನಿಕ ಶಾಲೆಗಳ ಸೊಸೈಟಿಯೇ ನಡೆಸುವ ಹಳೆಯ ಮಾದರಿಯ ಶಾಲೆಗಳು ನಮ್ಮ ರಾಜ್ಯದಲ್ಲಿ ಎರಡಿವೆ. ಒಂದು ವಿಜಯಪುರದಲ್ಲಿ, ಇನ್ನೊಂದು ಕೊಡಗಿನ ಕೂಡಿಗೆಯಲ್ಲಿ. ಇವಕ್ಕೆ ಜಾಗ, ಕಟ್ಟಡ ಕೊಡುವುದು ರಾಜ್ಯ ಸರ್ಕಾರದ ಪಾಲು. ನೂರಕ್ಕೆ 67 ಸೀಟು ನಮ್ಮ ರಾಜ್ಯದ ಮಕ್ಕಳಿಗೇ ಮೀಸಲು. ಆರನೇ ತರಗತಿಗೆ ಸೇರುವ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಇಷ್ಟೆಲ್ಲ ಇದ್ದೂ ನಮ್ಮ ಹೋಬಳಿಯ ಸರ್ಕಾರಿ ಶಾಲೆಗಳ ಅಪ್ಪ ಅಮ್ಮಂದಿರನ್ನು ಕೇಳಿದರೆ, ಇಂಥದ್ದೊಂದು ಪರೀಕ್ಷೆ ಇದೆ ಅಂತಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವವರು "ಅದು ಮಿಲಿಟರಿಯವರ ಮಕ್ಕಳಿಗೆ ಕಣಮ್ಮ, ನಮಗಲ್ಲ" ಅನ್ನುತ್ತಾರೆ.

ಅದು ನಮಗೇ ಇರುವುದು. ಅದನ್ನು ಹೇಳುವುದಕ್ಕೇ ಈ ಪತ್ರ. ನಾನು ಕೇಳಿಕೊಳ್ಳುವುದು ಏನು ಅಂತ ಮುಂದೆ ಬರೆಯುತ್ತೇನೆ. ಅದಕ್ಕೂ ಮೊದಲು ಈ ಶಾಲೆಗಳು ಹೇಗೆ ಹುಟ್ಟಿದವು ಅಂತ ಸ್ವಲ್ಪ ಹೇಳಬೇಕು. ಯಾರಿಗಾಗಿ ಕಟ್ಟಿದರು ಅಂತ ತಿಳಿದರೆ, ಯಾರು ಒಳಗೆ ಇರಬೇಕಿತ್ತು ಅನ್ನುವುದೂ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಮಕ್ಕಳನ್ನು ಇಟ್ಟುಕೊಂಡು ಓದಿಸಿ ಸೈನ್ಯಕ್ಕೆ ಸಿದ್ಧ ಮಾಡುವ ಶಾಲೆಗಳು ಬ್ರಿಟಿಷರ ಕಾಲದಲ್ಲಿ ಶುರುವಾದವು. 1922ರ ಮಾರ್ಚ್‌ನಲ್ಲಿ ಡೆಹ್ರಾಡೂನಿನಲ್ಲಿ ವೇಲ್ಸ್ ರಾಜಕುಮಾರನ ಹೆಸರಿನ ಮಿಲಿಟರಿ ಕಾಲೇಜು ತೆರೆಯಿತು. ಭಾರತೀಯ ಹುಡುಗರನ್ನು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿದ್ದ ಸೇನಾಧಿಕಾರಿಗಳ ತರಬೇತಿ ಕಾಲೇಜಿಗೆ ತಯಾರು ಮಾಡುವುದು ಅದರ ಕೆಲಸ. ಅಲ್ಲಿಗೆ ಹೋಗುತ್ತಿದ್ದವರು ಹೆಚ್ಚಾಗಿ ಅನುಕೂಲಸ್ಥ ಮನೆತನಗಳ ಹುಡುಗರು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಗಿನ ಜನರಲ್ ತಿಮ್ಮಯ್ಯ ಓದಿದ್ದು ಅಲ್ಲೇ. ಸಾಮಾನ್ಯ ಸಿಪಾಯಿಗಳ ಮಕ್ಕಳಿಗೆ ಬೇರೆ ಶಾಲೆಗಳಿದ್ದವು, ಕಿಂಗ್ ಜಾರ್ಜ್ ಹೆಸರಿನವು. ಅವುಗಳಲ್ಲಿ ಎರಡು ನಮ್ಮ ಕಡೆಯವೇ. ಬೆಳಗಾವಿಯದು 1945ರಲ್ಲಿ, ಬೆಂಗಳೂರಿನದು 1946ರಲ್ಲಿ ಶುರುವಾಯಿತು. 1952ರಲ್ಲಿ ಅವುಗಳ ಬಾಗಿಲು ಅಧಿಕಾರಿಗಳ ಮಕ್ಕಳಿಗೂ ಸಾಮಾನ್ಯ ಜನರ ಮಕ್ಕಳಿಗೂ ತೆರೆಯಿತು. 1966ರಲ್ಲಿ ಮಿಲಿಟರಿ ಶಾಲೆ, 2007ರಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ ಅಂತ ಹೆಸರು ಬದಲಾಯಿತು. ಆದರೂ ಅಲ್ಲಿ ಇಂದಿಗೂ ಹೆಚ್ಚಿನ ಸೀಟು ಸೈನ್ಯದಲ್ಲಿ ಇರುವವರ ಮಕ್ಕಳಿಗೇ.

ರೈತನ ಮಗ, ಮೇಷ್ಟ್ರ ಮಗ, ಅಂಗಡಿಯವನ ಮಗ ಅಧಿಕಾರಿಯಾಗಿ ಸೈನ್ಯ ಸೇರಬೇಕು ಅಂದರೆ? ಈ ಪ್ರಶ್ನೆಗೆ ಉತ್ತರ ಬಂದಿದ್ದು 1961ರಲ್ಲಿ. ಆಗ ರಕ್ಷಣಾ ಸಚಿವರಾಗಿದ್ದ ವಿ. ಕೆ. ಕೃಷ್ಣ ಮೆನನ್ ಸೈನಿಕ ಶಾಲೆಗಳ ಯೋಜನೆ ತಂದರು. ಸೈನ್ಯದ ಅಧಿಕಾರಿಗಳಲ್ಲಿ ಕೆಲವೇ ಪ್ರಾಂತ್ಯದವರು, ಕೆಲವೇ ವರ್ಗದವರು ತುಂಬಿದ್ದರು. ಆ ಏರುಪೇರು ಸರಿಪಡಿಸುವುದೇ ಯೋಜನೆಯ ಉದ್ದೇಶ. ಸುಮ್ನೆ ನಾನು ಹೇಳುವ ಮಾತಲ್ಲ ಇದು. ಸೈನಿಕ ಶಾಲೆಗಳ ಧ್ಯೇಯೋದ್ದೇಶಗಳಲ್ಲೇ ಇದೆ. ಮೊದಲ ಶಾಲೆ 1961ರ ಜೂನ್‌ನಲ್ಲಿ ಮಹಾರಾಷ್ಟ್ರದ ಸಾತಾರಾದಲ್ಲಿ ತೆರೆಯಿತು.

ನಮ್ಮ ಸರದಿ ಬೇಗನೇ ಬಂತು. 1963ರ ಸೆಪ್ಟೆಂಬರ್ 16ರಂದು ವಿಜಯಪುರದ ಸೈನಿಕ ಶಾಲೆ ಆರಂಭವಾಯಿತು. ಚೀನಾ ಯುದ್ಧ ಮುಗಿದು ಇನ್ನೂ ವರ್ಷವಾಗಿರಲಿಲ್ಲ. ರಾಜ್ಯಕ್ಕೆ ಆಗಿನ್ನೂ ಮೈಸೂರು ರಾಜ್ಯ ಅಂತಲೇ ಹೆಸರು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ. ಶಾಲೆಯ ಆವರಣ 400 ಎಕರೆಗೂ ಜಾಸ್ತಿ. ಬಿಜಾಪುರದ ಬಿಸಿಲಲ್ಲಿ, ಅಷ್ಟು ದೊಡ್ಡ ಬಯಲಿನಲ್ಲಿ ಪರೇಡ್ ಮೈದಾನ, ವಸತಿ ನಿಲಯ, ತರಗತಿ, ಆಟದ ಅಂಗಳ ಎಲ್ಲ ಇರುವ ಒಂದು ಪುಟ್ಟ ಊರೇ ಎದ್ದು ನಿಂತಿತು. ಮಕ್ಕಳ ನಿಲಯಗಳಿಗೆ ಇಟ್ಟ ಹೆಸರು ನೋಡಿ: ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ಬೇರೆ ಬೇರೆ ಸೀಮೆಯಿಂದ ಬಂದು ಆಗತಾನೇ ಒಂದಾಗಿದ್ದ ರಾಜ್ಯ ತನ್ನ ಎಲ್ಲ ಕಡೆಯ ಮಕ್ಕಳನ್ನೂ ಅಲ್ಲಿ ಕೂರಿಸಿಕೊಳ್ಳಬೇಕು ಅಂದುಕೊಂಡಿತ್ತು. ನನಗೆ ಆ ಆರು ಹೆಸರುಗಳ ಮೇಲೆ ತುಂಬ ಪ್ರೀತಿ. ನಮ್ಮ ಮೈಸೂರಿನ ಒಡೆಯರ ಹೆಸರೂ ಗೋಲ್‌ಗುಂಬಜ್ ಊರಿನಲ್ಲಿ ಮಕ್ಕಳ ಬಾಯಲ್ಲಿದೆ.

ಆದರೆ ಮಂಡ್ಯದಿಂದ ವಿಜಯಪುರ ಸುಮಾರು 600 ಕಿಲೋಮೀಟರ್. ಈಗಲೂ ಸಂಜೆ ರೈಲು ಹತ್ತಿದರೆ ಇಳಿಯುವುದು ಮಾರನೇ ದಿನ. ಹತ್ತು ವರ್ಷದ ಮಗುವನ್ನು ಅಷ್ಟು ದೂರ ಬಿಟ್ಟು ಬರಲು ನಮ್ಮ ಕಡೆಯ ಎಷ್ಟು ತಾಯಂದಿರಿಗೆ ಮನಸ್ಸು ಬಂದೀತು? ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಶಾಲೆ ಕಣ್ಣ ಮುಂದೆಯೇ ಇತ್ತು. ಪಕ್ಕದ ಮನೆ ಹುಡುಗ ಸಮವಸ್ತ್ರ ಹಾಕಿಕೊಂಡು ರಜೆಗೆ ಬರುವುದನ್ನು ನೋಡಿ ಇನ್ನೊಂದು ಮನೆಯವರು ಮಗನನ್ನು ಓದಿಸಿದರು. ಇವತ್ತು ಆ ಕಡೆ ಸೈನಿಕ ಶಾಲೆ, ನವೋದಯ, ಕಿತ್ತೂರಿನ ಹುಡುಗಿಯರ ಶಾಲೆಯ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಕೇಂದ್ರಗಳು ಬೇಕಾದಷ್ಟಿವೆ. ನಮ್ಮ ಕಡೆ ಆ ರೂಢಿಯೇ ಬೆಳೆಯಲಿಲ್ಲ.

ಎರಡನೇ ಶಾಲೆಗೆ 44 ವರ್ಷ ಕಾಯಬೇಕಾಯಿತು. 2007ರ ಅಕ್ಟೋಬರ್‌ನಲ್ಲಿ ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಸೈನಿಕ ಶಾಲೆ ಕೊಡಗು ಶುರುವಾಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರನ್ನೂ ಕೊಟ್ಟ ನೆಲದಲ್ಲಿ ಇಂಥ ಶಾಲೆ ಇಷ್ಟು ತಡವಾಗಿ ಬಂದಿದ್ದು ನನಗೆ ಈಗಲೂ ಆಶ್ಚರ್ಯವೇ. ಹಾರಂಗಿ ಬಂದು ಕಾವೇರಿಗೆ ಸೇರುವ ಜಾಗ ಕೂಡಿಗೆ. ಅಲ್ಲಿಂದ ಹರಿದ ನೀರೇ ಕನ್ನಂಬಾಡಿಗೆ ಬಂದು ನಮ್ಮ ಗದ್ದೆಗೆ ಬರುವುದು. ಮೈಸೂರಿನಿಂದ ಬಸ್ಸಿನಲ್ಲಿ ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕುಶಾಲನಗರ. ಬೆಳಿಗ್ಗೆ ಹೋಗಿ ಮಗುವನ್ನು ನೋಡಿಕೊಂಡು ಸಂಜೆಗೆ ಹಿಂದಿರುಗಬಹುದು. ದೂರ ಅನ್ನುವ ನೆಪ ಈಗಿಲ್ಲ.

ಶಾಲೆ ನಡೆಯುವ ರೀತಿಯನ್ನೂ ಹೇಳಬೇಕು. ಕೇಂದ್ರ ಮತ್ತು ರಾಜ್ಯದ ನಡುವೆ ಒಪ್ಪಂದವಿದೆ. ಪ್ರಾಂಶುಪಾಲರೂ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳೂ ಸೇನೆಯಿಂದ ಬರುತ್ತಾರೆ, ಅವರನ್ನು ಕಳಿಸುವುದು ರಕ್ಷಣಾ ಸಚಿವಾಲಯ. ಜಾಗ, ಕಟ್ಟಡ, ಮಕ್ಕಳ ವಿದ್ಯಾರ್ಥಿವೇತನ ರಾಜ್ಯದ ಹೊಣೆ. ಮೇಷ್ಟ್ರುಗಳ ಸಂಬಳ, ದಿನನಿತ್ಯದ ಖರ್ಚಿನ ದೊಡ್ಡ ಪಾಲು ಮಕ್ಕಳ ಶುಲ್ಕದಿಂದಲೇ ಬರಬೇಕು. ಹಾಗಾಗಿ ವರ್ಷದ ಶುಲ್ಕ ಒಂದು ಲಕ್ಷ ರೂಪಾಯಿ ದಾಟಿದೆ. ಈ ಅಂಕಿ ಕಿವಿಗೆ ಬಿದ್ದ ಕೂಡಲೇ ನಮ್ಮ ಜನ ಎದ್ದು ಹೋಗುತ್ತಾರೆ. ತಂದೆ ತಾಯಿಯ ಆದಾಯ ನೋಡಿ ರಾಜ್ಯ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತದೆ ಅನ್ನುವ ಮುಂದಿನ ಮಾತನ್ನು ಅವರಿಗೆ ಹೇಳುವವರೇ ಇಲ್ಲ. ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 7.5, ಹಿಂದುಳಿದ ವರ್ಗಗಳಿಗೆ 27 ಸೀಟು ಮೀಸಲು ಅನ್ನುವುದನ್ನೂ ಹೇಳುವವರಿಲ್ಲ. "ಕಬ್ಬಿನ ಬಿಲ್ಲು ಬರ್ಲಿ ನೋಡನ" ಅಂದುಕೊಂಡು ಕೂತವರಿಗೆ ಅರ್ಜಿ ಹಾಕುವ ದಿನ ಮುಗಿದಿದ್ದೂ ಗೊತ್ತಾಗುವುದಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹುಡುಗಿಯರ ವಸತಿ ಸೈನಿಕ ಶಾಲೆ 1969ರಲ್ಲೇ ಶುರುವಾಗಿದೆ. ಸೊಸೈಟಿಯ ಸೈನಿಕ ಶಾಲೆಗಳು ಹುಡುಗಿಯರಿಗೆ ಬಾಗಿಲು ತೆರೆಯಲು ಅರ್ಧ ಶತಮಾನ ಹಿಡಿಯಿತು. ಮಿಜೋರಾಂನ ಒಂದು ಶಾಲೆಯಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ, 2021-22ರಿಂದ ಎಲ್ಲ ಶಾಲೆಗಳಲ್ಲೂ ಆರನೇ ತರಗತಿಗೆ ಹುಡುಗಿಯರು ಬಂದರು. ಆದರೆ ಶುರುವಾಗಿದ್ದು ಹತ್ತು ಸೀಟು ಅಥವಾ ನೂರಕ್ಕೆ ಹತ್ತು, ಯಾವುದು ಜಾಸ್ತಿಯೋ ಅದು ಎಂಬ ಲೆಕ್ಕದಲ್ಲಿ. ಬರೀ ಹುಡುಗರಿಗೆ ಅಂತ ಕಟ್ಟಿದ ಆವರಣದಲ್ಲಿ ಹುಡುಗಿಯರಿಗೆ ಬೇರೆ ನಿಲಯ, ಬೇರೆ ಸ್ನಾನದ ಮನೆ, ನೋಡಿಕೊಳ್ಳಲು ಹೆಂಗಸರು ಎಲ್ಲ ಬೇಕು. ಕಟ್ಟಡ ರಾಜ್ಯದ ಹೊಣೆ ಅಂದಮೇಲೆ ಕೂಡಿಗೆಯಲ್ಲಿ ಹುಡುಗಿಯರಿಗೆ ಜಾಸ್ತಿ ಜಾಗ ಮಾಡಿಕೊಡಿ ಅಂತ ನಾವು ಕೇಳಬೇಕಾಗಿರುವುದು ಬೆಂಗಳೂರನ್ನೇ. ಈ ಮಾತು ಜಿಲ್ಲೆಯಿಂದಲೂ ಮೇಲಕ್ಕೆ ಹೋಗಬೇಕು. ಸೇನೆಯ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಪುಣೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 2025ರ ಮೇ ತಿಂಗಳಲ್ಲಿ ಮೊದಲ ಸಲ 17 ಹುಡುಗಿಯರು ತರಬೇತಿ ಮುಗಿಸಿ ಹೊರಬಂದರು. ಅಲ್ಲಿಗೆ ಹೋಗುವ ದಾರಿ ಈಗ ನಮ್ಮ ಹುಡುಗಿಯರಿಗೂ ಇದೆ.

ಮೈಸೂರು ಜಿಲ್ಲೆಯ ಒಳಗೇ ಇನ್ನೊಂದು ಬಾಗಿಲು ತೆರೆದಿದೆ. ಖಾಸಗಿ ಸಂಸ್ಥೆ, ಟ್ರಸ್ಟ್, ರಾಜ್ಯ ಸರ್ಕಾರಗಳ ಜೊತೆ ಸೇರಿ 100 ಹೊಸ ಸೈನಿಕ ಶಾಲೆ ಮಾಡಲು ಕೇಂದ್ರ ಸಂಪುಟ 2021ರಲ್ಲಿ ಒಪ್ಪಿತು. 2022ರಲ್ಲಿ ಆಯ್ಕೆಯಾದ ಮೊದಲ 21 ಶಾಲೆಗಳಲ್ಲಿ ಸರಗೂರಿನ ವಿವೇಕ ಸ್ಕೂಲ್ ಆಫ್ ಎಕ್ಸಲೆನ್ಸ್ ಕೂಡ ಇದೆ. ಕಾಡಂಚಿನ ಆ ತಾಲ್ಲೂಕಿನಲ್ಲಿ ಇಂಥ ಶಾಲೆ ಬಂದಿದ್ದು ಸಂತೋಷದ ವಿಷಯ. ಈ ಹೊಸ ಮಾದರಿಯಲ್ಲಿ ಪ್ರತಿಭೆ ಮತ್ತು ಆದಾಯ ಎರಡನ್ನೂ ನೋಡಿ, ತರಗತಿಯ ಅರ್ಧದಷ್ಟು ಮಕ್ಕಳಿಗೆ ಅರ್ಧ ಶುಲ್ಕ, ಅಂದರೆ ವರ್ಷಕ್ಕೆ ಹೆಚ್ಚೆಂದರೆ 40,000 ರೂಪಾಯಿ, ಕೇಂದ್ರ ಕೊಡುತ್ತದೆ. ಉಳಿದಿದ್ದು ಮನೆಯವರೇ ಹೊಂದಿಸಬೇಕು. ಬಡವರ ಮಕ್ಕಳಿಗೆ ನನ್ನ ಮೊದಲ ಆಸೆ ಕೂಡಿಗೆಯೇ.

ನಾನು ನಿವೃತ್ತಿಯಾದ ಮೇಲೆ ನಮ್ಮೂರ ಶಾಲೆಯ ಜಗಲಿಯಲ್ಲಿ ಭಾನುವಾರ ಕೆಲವು ಮಕ್ಕಳಿಗೆ ಈ ಪರೀಕ್ಷೆಯ ಪಾಠ ಹೇಳಿಕೊಡುತ್ತೇನೆ. ಮುಖ್ಯೋಪಾಧ್ಯಾಯರು ಬೀಗದ ಕೈ ಕೊಟ್ಟಿದ್ದಾರೆ. ಅಲ್ಲಿ ಕಂಡಿದ್ದನ್ನು ನಿಮಗೆ ಹೇಳಬೇಕು.

ಪರೀಕ್ಷೆ 300 ಅಂಕಗಳದ್ದು. ಅದರಲ್ಲಿ ಗಣಿತಕ್ಕೇ 150. ಉಳಿದ 150 ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆಗೆ ತಲಾ 50. ಎರಡೂವರೆ ಗಂಟೆಯಲ್ಲಿ 125 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾಗಲು ಪ್ರತಿ ವಿಷಯದಲ್ಲಿ ನೂರಕ್ಕೆ 25, ಒಟ್ಟು ನೂರಕ್ಕೆ 40 ಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಈ ಮಿತಿ ಇಲ್ಲ. ಆಯ್ಕೆಯಾಗುವುದು ಮೆರಿಟ್ ಮೇಲೆ, ಆಮೇಲೆ ವೈದ್ಯಕೀಯ ಪರೀಕ್ಷೆ.

ನಮ್ಮ ಮಕ್ಕಳು ದಡ್ಡರಲ್ಲ. ಗುಣಾಕಾರ, ಭಾಗಾಕಾರ, ಭಿನ್ನರಾಶಿ ಚೆನ್ನಾಗಿ ಮಾಡುತ್ತಾರೆ. ತೊಡಕು ಇರುವುದು ಬೇರೆ ಕಡೆ. ಶೇಕಡಾ, ಸರಳ ಬಡ್ಡಿ ಈ ಪರೀಕ್ಷೆಯಲ್ಲಿ ಬರುತ್ತವೆ. ನಮ್ಮ ಐದನೇ ತರಗತಿಯ ಪುಸ್ತಕದಲ್ಲಿ ಇವು ಇಲ್ಲ. ಒಂದು ದಿನ ಬಡ್ಡಿ ಲೆಕ್ಕ ಕೊಟ್ಟೆ. 5,000 ರೂಪಾಯಿಗೆ ವಾರ್ಷಿಕ ಶೇಕಡಾ 2ರಂತೆ ಎರಡು ವರ್ಷಕ್ಕೆ ಬಡ್ಡಿ ಎಷ್ಟು? ಒಬ್ಬ ಹುಡುಗಿ ತಕ್ಷಣ 2,400 ಅಂದಳು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ 2,400 ಇರಲೇ ಇಲ್ಲ. ಹೇಗೆ ಬಂತಮ್ಮ ಅಂದರೆ, "ನೂರಕ್ಕೆ ಎರಡು ರೂಪಾಯಿ ಅಂದ್ರೆ ತಿಂಗಳಿಗಲ್ವಾ ಮಿಸ್, 5,000ಕ್ಕೆ ನೂರು ರೂಪಾಯಿ, 24 ತಿಂಗಳು" ಅಂದಳು. ಅವಳ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಅವಳ ಮನೆಯಲ್ಲಿ ಸಾಲ ಮಾಡುವುದೇ ಆ ಲೆಕ್ಕದಲ್ಲಿ. ವಾರ್ಷಿಕ ಬಡ್ಡಿ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹೇಳಿಕೊಟ್ಟ ಮೇಲೆ ಒಂದೂ ತಪ್ಪಿಸಲಿಲ್ಲ. ಈ ಬುದ್ಧಿ ಇರುವ ಮಗು ಪರೀಕ್ಷೆಯ ಕೋಣೆಗೇ ಹೋಗದೆ ಉಳಿದರೆ ಅದು ಯಾರ ನಷ್ಟ?

ಉತ್ತರ ಬರೆಯುವುದು ಒಎಂಆರ್ ಹಾಳೆಯಲ್ಲಿ. ಪೆನ್ನಿನಲ್ಲಿ ಆ ಪುಟ್ಟ ಸುತ್ತು ತುಂಬಬೇಕು, ಹೊರಗೆ ಹೋಗಬಾರದು, ತಿದ್ದುವ ಹಾಗಿಲ್ಲ. ಮೊದಲ ಸಲ ಕೊಟ್ಟಾಗ ಮಕ್ಕಳು ಟಿಕ್ ಹಾಕಿ ಕೊಟ್ಟರು. ಒಬ್ಬ ಒಂದೊಂದು ಸುತ್ತಿಗೂ ಬಣ್ಣ ಹಚ್ಚುವ ಹಾಗೆ ನಿಧಾನವಾಗಿ ತುಂಬುತ್ತಾ ಕೂತ, ಅರ್ಧ ಹಾಳೆ ಉಳಿದೇ ಹೋಯಿತು. ನಾಲ್ಕಾರು ಸಲ ಬರೆಸಿದರೆ ಬರುವ ವಿದ್ಯೆ ಇದು. ಬರೆಸಲು ಹಾಳೆ ಬೇಕು, ಪ್ರತಿ ಬೇಕು. ಜೆರಾಕ್ಸ್ ಖರ್ಚು ಒಂದು ಪಂಚಾಯಿತಿಗೆ ಲೆಕ್ಕಕ್ಕೇ ಬರುವುದಿಲ್ಲ.

ಅರ್ಜಿ ಇನ್ನೂ ದೊಡ್ಡ ಕೆಲಸ. ಎಲ್ಲ ಆನ್‌ಲೈನ್. ಮಗುವಿನ ಫೋಟೊ, ಸಹಿ, ಎಡಗೈ ಹೆಬ್ಬೆಟ್ಟು, ಜನನ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಜಾತಿ ಪ್ರಮಾಣ ಪತ್ರ ಎಲ್ಲ ಸ್ಕ್ಯಾನ್ ಮಾಡಿ ಹಾಕಬೇಕು. ಹತ್ತು ವರ್ಷದ ಮಗುವಿಗೆ ಎಲ್ಲಿಯ ಸಹಿ? ಸೈಬರ್ ಸೆಂಟರಿನಲ್ಲಿ ನಿಂತು ಹೆಸರನ್ನೇ ಜೋಡಿಸಿ ಬರೆದು ಅಭ್ಯಾಸ ಮಾಡಿಕೊಳ್ಳುತ್ತವೆ. ಅರ್ಜಿ ಶುಲ್ಕ 800 ರೂಪಾಯಿಯ ಆಸುಪಾಸು. ಕೂಲಿ ಬಿಟ್ಟು ಬಂದ ಅಪ್ಪನಿಗೆ, ಒಂದು ಪ್ರಮಾಣ ಪತ್ರ ಇಲ್ಲ ಅಂತ ನಾಡಕಚೇರಿಗೆ ಇನ್ನೊಂದು ಸಲ ಅಲೆಯಬೇಕು ಅಂದರೆ ಅಲ್ಲಿಗೇ ಕೈಬಿಡುತ್ತಾನೆ.

ನವೋದಯ ಪರೀಕ್ಷೆಗೂ ಮೊರಾರ್ಜಿ ಶಾಲೆಯ ಪರೀಕ್ಷೆಗೂ ನಮ್ಮ ಶಾಲೆಗಳೇ ನಿಂತು ಅರ್ಜಿ ಹಾಕಿಸುತ್ತವೆ. "ನವೋದಯ ಕಟ್ಟಿದ್ಯೇನೋ?" ಅಂತ ಊರಲ್ಲಿ ಮಕ್ಕಳನ್ನು ಕೇಳುವುದು ಮಾಮೂಲಿ. ಅದೇ ವಯಸ್ಸು, ಅದೇ ಐದನೇ ತರಗತಿ, ಪಾಠವೂ ಹೆಚ್ಚುಕಡಿಮೆ ಅದೇ. ಅದೇ ಮೇಷ್ಟ್ರು ಸೈನಿಕ ಶಾಲೆಯ ಅರ್ಜಿಯನ್ನೂ ಹಾಕಿಸಿದರೆ ಆಯಿತು. ಮೇಲಿನಿಂದ ಒಂದು ಸುತ್ತೋಲೆ ಬರಬೇಕು, ಅಷ್ಟೇ.

ಇದನ್ನು ಒಪ್ಪದವರೂ ಇದ್ದಾರೆ. ಅಷ್ಟು ಚಿಕ್ಕ ಮಗುವನ್ನು ಮಿಲಿಟರಿ ಶಿಸ್ತಿಗೆ ಹಾಕುವುದು ಸರಿಯಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಮಗುವಿಗೂ ಹಾಸ್ಟೆಲ್ ಒಗ್ಗುವುದಿಲ್ಲ. ಮನಸ್ಸಿಲ್ಲದ ಮಗುವನ್ನು ಕಳಿಸಲೇಬಾರದು. ಇಂಗ್ಲಿಷ್ ಮಾಧ್ಯಮದ ಸಿಬಿಎಸ್‌ಇ ಶಾಲೆ ಅದು. ಕನ್ನಡ ಮಾಧ್ಯಮದಿಂದ ಹೋದ ಮಗುವಿಗೆ ಮೊದಲ ವರ್ಷ ಕಷ್ಟವಾಗುತ್ತದೆ. ಅದಕ್ಕೇ ಆಯ್ಕೆಯಾದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಇಂಗ್ಲಿಷ್ ಪಾಠ ಬೇಕು ಅನ್ನುತ್ತಿದ್ದೇನೆ. ಇನ್ನೊಂದು, ಸೈನಿಕ ಶಾಲೆಗೆ ಹೋದವರೆಲ್ಲ ಸೈನ್ಯಕ್ಕೇ ಹೋಗಬೇಕು ಅಂತೇನಿಲ್ಲ. ಅಲ್ಲಿ ಓದಿ ಡಾಕ್ಟರಾದವರು, ಎಂಜಿನಿಯರಾದವರು, ಸರ್ಕಾರಿ ಅಧಿಕಾರಿಯಾದವರು ಎಷ್ಟೋ ಜನ. ಒಳ್ಳೆಯ ಓದು, ಹೊಟ್ಟೆ ತುಂಬ ಊಟ, ದಿನವೂ ಆಟ. ಇಷ್ಟು ನಮ್ಮ ಮಕ್ಕಳಿಗೆ ಸಿಕ್ಕರೆ ಬೇಡ ಅನ್ನುವುದು ಹೇಗೆ?

ಸೈನ್ಯದ ಹೆಸರು ನಮ್ಮ ಎರಡು ಜಿಲ್ಲೆಗಳಿಗೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಆ ಯುದ್ಧದಲ್ಲಿ ಹೋರಾಡಿದ ಕುದುರೆ ಪಡೆಗಳ ನೆನಪಿಗೆ ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2019ರಲ್ಲಿ ಪುಲ್ವಾಮದಲ್ಲಿ ಮಡಿದ ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಆ ದಿನ ಇಡೀ ಜಿಲ್ಲೆಯೇ ಅತ್ತಿತು. ಬಂದೂಕು ಹಿಡಿದು ಗಡಿಗೆ ಹೋಗಲು ನಮ್ಮ ಹುಡುಗರು ಯಾವತ್ತೂ ಹಿಂದೆ ಬಿದ್ದವರಲ್ಲ. ಅವರನ್ನು ಮುನ್ನಡೆಸುವ ಜಾಗಕ್ಕೂ ನಮ್ಮ ಹಳ್ಳಿ ಮಕ್ಕಳು ಹೋಗಲಿ ಅಂತ ಆಸೆ ಪಡುವುದು ಅತಿಯಾಸೆ ಅಲ್ಲ. 1961ರ ಯೋಜನೆ ಮಾತು ಕೊಟ್ಟಿದ್ದೇ ಅದನ್ನು.

ಹಾಗಾಗಿ ಕೇಳಿಕೊಳ್ಳುತ್ತೇನೆ. ಶಾಲೆ ಶುರುವಾದ ತಿಂಗಳೇ ಪ್ರತಿ ಕ್ಲಸ್ಟರಿನಲ್ಲಿ ಐದನೇ ತರಗತಿಯ ಮಕ್ಕಳಿಗೂ ಪೋಷಕರಿಗೂ ಈ ಪರೀಕ್ಷೆಯ ಬಗ್ಗೆ, ಮೀಸಲಾತಿ ಮತ್ತು ವಿದ್ಯಾರ್ಥಿವೇತನದ ಬಗ್ಗೆ ಹೇಳಿಸಿ. ಆಸಕ್ತಿ ಇರುವ ಮಕ್ಕಳಿಗೆ ಹೋಬಳಿಗೊಂದು ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಉಚಿತ ತರಗತಿ ನಡೆಸಿ. ಪಾಠ ಹೇಳುವ ಶಿಕ್ಷಕರಿಗೆ ಗೌರವಧನ ಕೊಡಿ. ನನ್ನಂಥ ನಿವೃತ್ತರು ಏನೂ ಕೇಳದೆ ಬರುತ್ತೇವೆ. ಕನ್ನಡದಲ್ಲಿ ಒಂದು ಅಭ್ಯಾಸ ಪುಸ್ತಕ ಮಾಡಿಸಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನವರು ಮನಸ್ಸು ಮಾಡಿದರೆ ಅದು ದೊಡ್ಡ ಕೆಲಸವಲ್ಲ. ಬಡ ಮಕ್ಕಳ ಅರ್ಜಿ ಶುಲ್ಕವನ್ನು ಪಂಚಾಯಿತಿಯಿಂದ ಕಟ್ಟಿ. ಪರೀಕ್ಷೆ ಬರೆಯುವ ಮಕ್ಕಳನ್ನು ಒಂದು ದಿನ ಕೂಡಿಗೆಗೆ ಕರೆದುಕೊಂಡು ಹೋಗಿ, ಶಾಲೆಯವರನ್ನು ಕೇಳಿ ಒಳಗೆ ತೋರಿಸಿ. ತಮ್ಮ ವಯಸ್ಸಿನ ಮಕ್ಕಳು ಅಲ್ಲಿ ಓದುವುದನ್ನು ಕಣ್ಣಾರೆ ಕಂಡರೆ ಅರ್ಧ ಭಯ ಹೋಗುತ್ತದೆ. ಶುಲ್ಕ ಏರಿದ ಹಾಗೆಲ್ಲ ವಿದ್ಯಾರ್ಥಿವೇತನವೂ ಅದರ ಆದಾಯ ಮಿತಿಯೂ ಏರಬೇಕು ಅಂತ ಸರ್ಕಾರಕ್ಕೆ ಬರೆಯಿರಿ. ಕೂಡಿಗೆಯ ಹುಡುಗಿಯರ ನಿಲಯದ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿ.

ಅರ್ಜಿ ಕರೆಯುವುದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ದಸರಾ ರಜೆಗೆ ಮೊದಲೇ ಸುತ್ತೋಲೆ ಹೊರಟರೆ ಜಾತಿ, ವಾಸಸ್ಥಳದ ಪ್ರಮಾಣ ಪತ್ರಗಳನ್ನು ರಜೆಯಲ್ಲೇ ಮಾಡಿಸಿಕೊಳ್ಳಬಹುದು. ನಮ್ಮ ತಾಲ್ಲೂಕಿನ ಬಿಇಒ ಕಚೇರಿಗೆ ಈ ಪತ್ರದ ಪ್ರತಿ, ನನ್ನ ಹೆಸರು, ಫೋನ್ ನಂಬರ್ ಕೊಟ್ಟಿದ್ದೇನೆ. ಯಾವ ಹೋಬಳಿಯಲ್ಲಿ ತರಗತಿ ಶುರು ಮಾಡಿದರೂ ಗಣಿತ ಹೇಳಿಕೊಡಲು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾಂಡವಪುರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ